ಒಂದೇ ಗಿರಾಕಿಯ ಕಂಪನಿ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಳ್ಳುವವರು ಮೊದಲು ಅದನ್ನು ನಾಣ್ಯದಿಂದ ಬಡಿದು ನೋಡುತ್ತಾರೆ. ಖಣಖಣ ಎಂದರೆ ಕಲ್ಲು ಗಟ್ಟಿ. ಸದ್ದು ಮಂಕಾಗಿದ್ದರೆ ಒಳಗೆ ಬಿರುಕು. ಎರಡು ಸಾವಿರದ ಇಸವಿ ಕಳೆದ ಮೇಲೆ, ಕಾರಿನ ಎಂಜಿನ್ನಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದರ ಷೇರು ಕೊಳ್ಳುವ ಹುಚ್ಚು ನನಗೆ ಹಿಡಿದಾಗ, ಬಡಿದು ನೋಡಲು ಅಲ್ಲಿ ಏನೂ ಇರಲಿಲ್ಲ.

ಕಾಲೇಜಿನ ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ ವಿಷಯ ಹೇಳಿದೆ.

"ನಿಮ್ಮ ಬಲ್ಲಿ ಸೈಕಲ್ ಸುದ್ದಾ ಇಲ್ಲ, ಕಾರಿನ ಉಸಾಬರಿ ಯಾಕ್ರಿ ಸರ್?" ಎಂದು ನಕ್ಕರು. ಮತ್ತೆ ಅವರ ಮುಂದೆ ಬಾಯಿ ಬಿಡಲಿಲ್ಲ.

ಭಾನುವಾರ ಬಾಡಿಗೆ ಕೋಣೆಯ ತಣ್ಣನೆಯ ನೆಲದ ಮೇಲೆ ಒಬ್ಬನೇ ಕೂತು ಕಂಪನಿಯ ವಾರ್ಷಿಕ ವರದಿ ಓದಿದೆ. ಲಾಭ ವರ್ಷವರ್ಷವೂ ಏರಿತ್ತು, ಸಾಲ ಇರಲಿಲ್ಲ. ಗಳಿಕೆಗೆ ಹೋಲಿಸಿದರೆ ಷೇರು ಅಗ್ಗವೇ. ಇಷ್ಟು ಚೆನ್ನಾಗಿದ್ದೂ ಯಾಕೆ ಅಗ್ಗ ಎಂದು ಸಿಟ್ಟೇ ಬಂತು. ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿ ಉತ್ತರ ಸಿಕ್ಕಿತು. ಹೆಚ್ಚುಕಡಿಮೆ ಎಲ್ಲ ಕೆಲಸವೂ ಒಂದೇ ವಿದೇಶಿ ಕಾರು ಕಂಪನಿಯಿಂದ ಬರುತ್ತಿತ್ತು. ಅವರು ಕೈಬಿಟ್ಟರೆ ಉಳಿಯುವುದು ಖಾಲಿ ಕುರ್ಚಿಗಳು. ಇದೇ ಒಳಗಿನ ಬಿರುಕು. ಒಬ್ಬರನ್ನೇ ನೆಚ್ಚಿ ಬದುಕುವವರಿಗೆ ಹೆಚ್ಚು ಬೆಲೆ ಕಟ್ಟಬಾರದು ಎಂದು ಗೋಡೆಗೆ ಜೋರಾಗಿ ಹೇಳಿದೆ.

ಆಮೇಲೆ ಗಡಿಯಾರ ನೋಡಿದೆ. ಪ್ರತಿ ಭಾನುವಾರ ಸಂಜೆ ಚಿಂಚೋಳಿಯಿಂದ ಅಕ್ಕ ಫೋನ್ ಮಾಡುತ್ತಿದ್ದಳು. ನನಗೆ ಫೋನ್ ಮಾಡುವವಳು ಅವಳೊಬ್ಬಳೇ. ಅಂದು ಕತ್ತಲಾದರೂ ಫೋನ್ ಬರಲಿಲ್ಲ. ಲೈನು ಕೆಟ್ಟಿರಲಪ್ಪ ಎಂದು ಬೇಡಿಕೊಳ್ಳುತ್ತ ರಿಸೀವರ್ ಎತ್ತಿ ಕಿವಿಗೆ ಹಿಡಿದೆ. ಡಯಲ್ ಟೋನ್ ಸ್ಪಷ್ಟವಾಗಿ ಕೇಳುತ್ತಿತ್ತು.