ಮಣ್ಣಿಗೆ ಜೀವ ಐತಿ ಅಂದದ್ದು

ಆಲೂಗಡ್ಡೆ ಗಿಡ ಹಸಿರಿದ್ದಾಗಲೇ ಸಾಯಬಹುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತಿಗೆ ರೋಗ ಬಂದರೆ ಎಲೆ ಕೆಂಪಾಗುತ್ತದೆ, ಮುದುಡುತ್ತದೆ, ಎಂಟು ದಿನ ಮೊದಲೇ ಹೇಳಿ ಹೋಗುತ್ತದೆ. ಈ ಗಿಡ ನಿನ್ನೆ ಸಂಜೆ ನೆಟ್ಟಗೆ ನಿಂತಿತ್ತು, ಇವತ್ತು ಮಧ್ಯಾಹ್ನ ಯಾರೋ ಬಿಸಿನೀರು ಹೊಯ್ದ ಹಾಗೆ ಜೋತುಬಿತ್ತು. ಎಲೆಯ ಬಣ್ಣ ಮಾತ್ರ ಹಾಗೇ ಇತ್ತು. ಅದಕ್ಕೇ ಎಲ್ಲರಿಗೂ ಅನುಮಾನ.

ಎರಡನೇ ಮಹಾಯುದ್ಧದ ವರ್ಷಗಳು. ಬಳ್ಳಾರಿಯ ದಂಡಿನ ಸಿಪಾಯಿಗಳಿಗೆ ತರಕಾರಿ ಎಷ್ಟು ಬಂದರೂ ಸಾಲದು ಎಂದು ಸರ್ಕಾರದವರು ಹೇಳಿದ್ದನ್ನು ನಂಬಿ, ಆದವಾನಿಯ ಹತ್ತಿ ವ್ಯಾಪಾರಿಯಾದ ನಮ್ಮಪ್ಪ ನಾಗಲದಿನ್ನೆಯ ಹೊಳೆದಂಡೆ ಹೊಲದಲ್ಲಿ ಆಲೂಗಡ್ಡೆ ಊರಿಸಿದ್ದರು. ಬೀಜದ ಗಡ್ಡೆ ರೈಲಿನಲ್ಲಿ ಬಂದಿತ್ತು. ನಾನಾಗ ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಓದುತ್ತಿದ್ದೆ, ಹದಿನೈದು ತುಂಬಿತ್ತು. ಕ್ರಿಸ್‌ಮಸ್ ರಜೆಗೆ ನಾವು ಹಳ್ಳಿಯ ಮನೆಗೆ ಬಂದಾಗ ಅರ್ಧ ಹೊಲ ಮಲಗಿತ್ತು.

ನಮ್ಮ ಹೊಲದ ಮೇಲ್ತುದಿಗೆ ಒಂದು ಪಟ್ಟಿ ನೆಲ ಇತ್ತು. ಅದೂ ನಮ್ಮದೇ, ಆದರೆ ಕುರಿ ಸಾಕುವ ಒಬ್ಬ ಮುದುಕಿ ಗಂಡನ ಕಾಲದಿಂದ ಅದನ್ನು ಕೋರಿಗೆ ಮಾಡುತ್ತಿದ್ದಳು. ಬಂದದ್ದರಲ್ಲಿ ಅರ್ಧ ಅವಳಿಗೆ, ಅರ್ಧ ನಮಗೆ. ಉಳಿದ ಬೀಜವನ್ನು ಅಪ್ಪ ಅವಳಿಗೂ ಕೊಟ್ಟಿದ್ದರು. ಅವಳ ಪಟ್ಟಿಯಲ್ಲಿ ಒಂದು ಗಿಡವೂ ತಲೆ ಬಾಗಿಸಿರಲಿಲ್ಲ.

“ಇದು ರೋಗಂ ಕಾದು ಧಣಿ, ಚೇತಬಡಿ,” ಎಂದ ಆಳುಗಳ ಮುಂದಾಳಾದ ಹಿರಿಯಾಳು. ರೋಗಂ ಕಾದು ಅಂದರೆ ತೆಲುಗಿನಲ್ಲಿ ರೋಗವಲ್ಲ, ಚೇತಬಡಿ ಅಂದರೆ ಮಾಟ. “ಅದ ಚೀಲ, ಅದ ಬೀಜ, ಅದ ದಿನ ಊರಿದ್ವಿ. ನಮ್ದು ಮಲಗೇತಿ, ಮುದುಕೀದು ನಿಂತೈತಿ. ಮತ್ತ ನಮ್ಮ ಎತ್ತು ಬಾವಿಯಿಂದ ಎಳಿಯೋ ಕಪಿಲಿ ನೀರು ಬಿಡ್ತೀನಿ ಅಂದ್ರ ಬ್ಯಾಡ ಅಂದ್ಲು. ಹೊಳಿಯಿಂದ ಕೊಡದಾಗ ಹೊತ್ತು ಹಾಕ್ತಾಳ. ಯಾಕ? ಆಕಿಗೆ ಮೊದ್ಲ ಗೊತ್ತಿತ್ತು.”

ಆ ಅನುಮಾನಕ್ಕೆ ನನ್ನ ಕಡೆಯಿಂದಲೂ ಒಂದು ಕಡ್ಡಿ ಸೇರಿತು. ಹಿಂದಿನ ದಿನ ಬೆಳಿಗ್ಗೆ ಮುದುಕಿ ನಮ್ಮ ಹೊಲದಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದ್ದನ್ನು ನಾನು ನೋಡಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳು, ಊಹೆ ಬೆರೆಸಬೇಡ ಎಂದು ಬಾಟನಿ ಸಿಸ್ಟರ್ ಕಲಿಸಿದ್ದರು. ಹಾಗೇ ಹೇಳಿದೆ. ಆದರೆ ನಮ್ಮ ಕಡೆ ಇನ್ನೊಬ್ಬರ ಹೊಲದಿಂದ ಹಿಡಿ ಮಣ್ಣು ಎತ್ತಿದರೆ ಆ ಹೊಲದ ಹುಲುಸು ಎತ್ತಿದ ಹಾಗೆ. ಊಹೆ ಬೆರೆಸುವ ಕೆಲಸವನ್ನು ಕೇಳಿದವರೇ ಮಾಡಿಕೊಂಡರು.

ಅಪ್ಪ ಅವಳನ್ನು ಕರೆಸಿದರು. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು, ಹೆದರಿದ ಹಾಗೆ ಕಾಣಲಿಲ್ಲ. ಅದೂ ನನಗೆ ಸರಿ ಕಾಣಲಿಲ್ಲ.

“ನೀರು ಯಾಕ ಬ್ಯಾಡಂದಿ?”

“ನಿಮ್ಮ ನೀರು ತಗೊಂಡ್ರ ನಾಳೆ ನೀರಿಗೊಂದು ಪಾಲು ಕೇಳ್ತೀರಿ. ನಿಮ್ಮಪ್ಪಾರು ಕೇಳಿದ್ರು. ನೀವು ಕೇಳಾಂಗಿಲ್ಲ ಅಂತ ಹೆಂಗ ನಂಬ್ಲಿ ಧಣಿ?”

“ಮಣ್ಣು ಯಾಕ ಒಯ್ದಿ?”

“ಒಯ್ದಿಲ್ರಿ. ಮೂಸಿದೆ.”

“ಮೂಸಾಕ ಅದೇನು ಮಲ್ಲಿಗಿ ಮಾಲಿ ಏನ?” ಎಂದ ಹಿರಿಯಾಳು.

“ನಿನ್ನ ಪಂಚಿಗಿಂತ ಚಲೋ ವಾಸನಿ ಇರ್ತೈತಿ, ಸುಮ್ನಿರು.” ಆಳುಗಳು ನಕ್ಕರು. ಅವಳು ಅಪ್ಪನ ಕಡೆ ತಿರುಗಿದಳು. “ನಿಮ್ಮ ಮಣ್ಣು ವಾಸನೀನ ಬಿಟ್ಟೈತ್ರಿ. ನಂದು ಇನ್ನಾ ಮೊದಲ ಮಳಿ ಬಿದ್ದಾಂಗ ಬರ್ತೈತಿ.”

ನಗು ನಿಂತುಹೋಯಿತು. ಮಣ್ಣಿನ ವಾಸನೆ ಎಲ್ಲಿಗೆ ಹೋಯಿತು, ಯಾರು ತೆಗೆದರು ಎಂದು ಎಲ್ಲರ ಮುಖವೂ ಕೇಳುತ್ತಿತ್ತು.

ಎರಡು ದಿನ ಬಿಟ್ಟು ಕೃಷಿ ಇಲಾಖೆಯ ಡೆಮಾನ್‌ಸ್ಟ್ರೇಟರ್ ಬಂದರು. ಮದರಾಸಿನ ಕಡೆಯ ತರುಣ, ಖಾಕಿ ಚಡ್ಡಿ, ತಲೆಗೆ ಟೋಪಿ. ಕನ್ನಡ ಬರುತ್ತಿರಲಿಲ್ಲ, ತೆಲುಗು ಇನ್ನೂ ಕಲಿಯುತ್ತಿದ್ದರು. ಹೀಗಾಗಿ ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನಗೆ ಬಂತು. ನನಗೆ ಒಳಗೊಳಗೇ ಹೆಮ್ಮೆ. ಇಂಗ್ಲಿಷ್ ಬಲ್ಲವಳು ಆ ಊರಿನಲ್ಲಿ ನಾನೊಬ್ಬಳೇ.

ಅವರು ಗಾಜಿನ ಲೋಟದಲ್ಲಿ ನೀರು ತರಿಸಿದರು. ನಮ್ಮ ಒಂದು ಬಾಡಿದ ಗಿಡದ ಕಾಂಡ ಕತ್ತರಿಸಿ ನೀರಿನಲ್ಲಿ ಇಳಿಬಿಟ್ಟು ಹಿಡಿದರು. ಸ್ವಲ್ಪ ಹೊತ್ತಿಗೆ ಕಾಂಡದ ತುದಿಯಿಂದ ಬಿಳಿ ಎಳೆಯೊಂದು, ಹಾಲಿನ ಎಳೆಯೇ, ಮೆಲ್ಲಗೆ ತಳಕ್ಕೆ ಇಳಿಯಿತು. ಮುದುಕಿಯ ಗಿಡದ ಕಾಂಡ ಅದ್ದಿದರೆ ನೀರು ತಿಳಿಯಾಗಿಯೇ ಉಳಿಯಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿಯೂ ಬಂದು ನಿಂತಿದ್ದಳು, ಪಟ್ಟಿಗೆ ಏನೇನು ಹಾಕುತ್ತಾಳೆಂದು ಅವರು ನನ್ನಿಂದ ಅವಳನ್ನು ಕೇಳಿಸಿದರು.

ಆತ ಉತ್ಸಾಹದಿಂದ ಹೇಳುತ್ತ ಹೋದರು. ಆ ಬಿಳಿ ಎಳೆ ಬ್ಯಾಕ್ಟೀರಿಯಾ. ಬೀಜದಲ್ಲೋ ಮಣ್ಣಿನಲ್ಲೋ ಬಂದದ್ದು, ಕಪಿಲಿಯ ನೀರಿನ ಜೊತೆ ಸಾಲಿನಿಂದ ಸಾಲಿಗೆ ಹರಿದಿದೆ. ಈಕೆ ಪ್ರತಿ ಬೇಸಿಗೆ ಪಟ್ಟಿಯಲ್ಲಿ ಕುರಿ ತರುಬುತ್ತಾಳೆ, ಅಂದರೆ ರಾತ್ರಿಯೆಲ್ಲ ಮಂದೆಯನ್ನು ಅಲ್ಲೇ ನಿಲ್ಲಿಸುತ್ತಾಳೆ. ಹೊಂಗೆ ಸೊಪ್ಪು ಹಾಕಿ ಮುಚ್ಚುತ್ತಾಳೆ. ಅಂಥ ಮಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇರುತ್ತವೆ, ರೋಗದವುಗಳಿಗೆ ಜಾಗ ಬಿಡುವುದಿಲ್ಲ. ಅವಳು ಮೂಸಿದ ಆ ವಾಸನೆ ಅವುಗಳದೇ. ಕೊನೆಗೆ ಹೇಳಿದರು: “ದಿ ಸಾಯಿಲ್ ಈಸ್ ಅಲೈವ್. ಶೀ ಹ್ಯಾಸ್ ಕೆಪ್ಟ್ ಇಟ್ ಅಲೈವ್.”

ಇಷ್ಟನ್ನೂ ನಾನು ನಾಲ್ಕು ಮಾತಿನಲ್ಲಿ ಹೇಳಿದೆ. “ಮಣ್ಣಿಗೆ ಜೀವ ಐತಿ ಅಂತಾರ. ಈಕಿ ತನ್ನ ಮಣ್ಣಿಗೆ ಜೀವ ತುಂಬ್ಯಾಳ. ಅವು ಕಣ್ಣಿಗೆ ಕಾಣಂಗಿಲ್ಲ. ಈಕಿ ಬೆಳಿ ಕಾಯ್ತಾವ, ಮಂದಿ ಬೆಳಿ ಸಾಯಿಸೋವನ್ನ ಒಳಗ ಬಿಡಂಗಿಲ್ಲ.”

ಜೀವ ತುಂಬುವುದು ಎಂದರೆ ನಮ್ಮ ಕಡೆ ಒಂದೇ ಅರ್ಥ. ಮಾಟಗಾರರು ಹಿಟ್ಟಿನ ಗೊಂಬೆಗೆ ಜೀವ ತುಂಬುತ್ತಾರೆ. ಅದು ನನಗೂ ಗೊತ್ತಿತ್ತು. ಬಾಯಿಂದ ಹೊರಟ ಮೇಲೆ ಗೊತ್ತಾಯಿತು.

“ಕೇಳಿದ್ರಾ ಧಣಿ,” ಎಂದ ಹಿರಿಯಾಳು ಮೆಲ್ಲಗೆ, “ಸರ್ಕಾರದವರ ಬಾಯಾಗ ಬಂತು.”

ಡೆಮಾನ್‌ಸ್ಟ್ರೇಟರ್ ನಗುತ್ತ, ತಮ್ಮ ಮಾತು ತಲುಪಿತು ಎಂದುಕೊಂಡು, ಯೆಸ್ ಯೆಸ್ ಎಂದು ತಲೆಯಾಡಿಸಿದರು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೆರಗು ಎಳೆದುಕೊಂಡು ಮುದುಕಿಯಿಂದ ನಾಲ್ಕು ಹೆಜ್ಜೆ ದೂರ ಸರಿದಳು. ಮಾಟಗಾತಿ ಎಂಬ ಹೆಸರು ಬಂದವಳಿಗೆ ಊರಿನಲ್ಲಿ ಒಲೆ ಹೊತ್ತಿಸಲು ಬೆಂಕಿಯೂ ಸಿಗುವುದಿಲ್ಲ. ಮುದುಕಿ ಯಾರನ್ನೂ ನೋಡದೆ ನನ್ನನ್ನೇ ನೋಡಿದಳು.

ನನಗೆ ಗಾಬರಿಯಾಯಿತು. “ಅಪ್ಪಾ, ಹಂಗಲ್ಲ,” ಎಂದೆ. “ಆಕೀದೇನೂ ಇಲ್ಲ. ಬರೇ ಮಣ್ಣಿನ ಗುಣ. ಅಲ್ಲಿ ಯಾರು ಬಿತ್ತಿದ್ರೂ ಬರ್ತೈತಿ.”

ಡೆಮಾನ್‌ಸ್ಟ್ರೇಟರ್ ಹಾಗೆ ಹೇಳಿರಲಿಲ್ಲ. ಅವಳನ್ನು ಪಾರುಮಾಡಲು ನಾನೇ ಕಟ್ಟಿದ ಮಾತು. ಅಪ್ಪನ ಹಣೆಯ ಗಂಟು ಸಡಿಲಾಯಿತು.

“ಯಾರು ಬಿತ್ತಿದ್ರೂ?”

“ಹೌದಪ್ಪಾ.”

ಅಪ್ಪ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಮಾಟದ ಮಾತು ಅಲ್ಲಿಗೆ ಬಿತ್ತು, ಹಿರಿಯಾಳನ್ನು ಗದರಿಸಿದರು ಕೂಡ. ಊಟದ ಹೊತ್ತಿಗೆ ನನ್ನನ್ನು ಕರೆದು, “ಗಡ್ಡಿ ಅಗದು ತನ್ನ ಪಾಲು ತಗೊಂಡು ಪಟ್ಟಿ ಬಿಡು ಅಂತ ಮುದುಕಿಗೆ ಹೇಳಿ ಬಾ. ಯಾರು ಬಿತ್ತಿದ್ರೂ ಬರಾದಾದ್ರ ನಾವ ಬಿತ್ತೋಣ,” ಎಂದರು. ಮರುವರ್ಷ ಆ ಪಟ್ಟಿಗೂ ಕಪಿಲಿಯ ನೀರು ತಿರುಗಿಸಿದೆವು, ಅದೂ ಮಲಗಿತು, ಹೋಗುವಾಗ ಮುದುಕಿ ಏನೋ ಮಾಡಿ ಹೋದಳು ಎಂದು ಊರೇ ಹೇಳಿತು. ಅದು ಆಮೇಲಿನ ಮಾತು. ಆ ಮಧ್ಯಾಹ್ನ ನನಗೆ ಬಂದ ಅನುಮಾನ ಬೇರೆ: ಅಪ್ಪನ ಕಣ್ಣು ಮೊದಲಿನಿಂದಲೂ ಆ ಪಟ್ಟಿಯ ಮೇಲೇ ಇತ್ತೇ? ಮಾಟವಾದರೂ ಸರಿ, ಸೈನ್ಸ್ ಆದರೂ ಸರಿ, ಒಂದು ನೆಪ ಬೇಕಾಗಿತ್ತೇ? ಇವತ್ತಿಗೂ ನನಗೆ ಗೊತ್ತಿಲ್ಲ.

ಮುದುಕಿ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟಳು.

“ಸಣ್ಣವ್ವ, ಮುಂಜಾನಿ ಮೊದ್ಲ ಒಂದು ಹೇಳಿದಿ. ಆಮ್ಯಾಲ ಒಂದು ಹೇಳಿದಿ. ಆ ಟೋಪಿಯಾಂವ ಅಂದಿದ್ದು ಯಾವ್ದು?”

“ಎರಡೂ ಅಲ್ಲ.”

“ಹಂಗಾರ ಏನಂದ?”

“ಈ ಮಣ್ಣು ಇಷ್ಟು ದಿನ ಸಾಯದಂಗ ನೋಡಿಕೊಂಡಾಕಿ ನೀನು ಅಂದ. ನೀನು, ನಿನ್ನ ಕುರಿ.”

ಅವಳು ರೊಟ್ಟಿಯ ಗಂಟನ್ನು ಪಕ್ಕಕ್ಕೆ ಸರಿಸಿದಳು. “ಅದನ್ನ ನಿಮ್ಮಪ್ಪಗ ಹೇಳಿ ಬಾ. ನಾ ಇಲ್ಲೇ ಕುಂತಿರ್ತೀನಿ.”

ಓಡಿಹೋಗಿ ಹೇಳಿದೆ. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ. ಡೆಮಾನ್‌ಸ್ಟ್ರೇಟರ್ ಹೊರಟುಹೋಗಿದ್ದರು, ಸಾಕ್ಷಿಗೆ ಯಾರೂ ಇರಲಿಲ್ಲ. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖವನ್ನು ದಿಟ್ಟಿಸಿದರು. ಅವರು ಹಾಗೆ ನೋಡುತ್ತಿದ್ದದ್ದು ಹೊರಗಿನವರನ್ನು, ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸಿ ತಂದವರನ್ನು.

“ಇದು ಮೂರನೇ ಮಾತು,” ಎಂದರು. “ಮುದುಕಿ ಹೇಳಿಕೊಟ್ಲೇನು?”

ನಾನು ತಿರುಗಿ ಹೊಲಕ್ಕೆ ಹೋಗಲಿಲ್ಲ. ಮಾಳಿಗೆ ಹತ್ತಿ ನಿಂತರೆ ಬದು ಕಾಣುತ್ತಿತ್ತು. ಹೊತ್ತು ಮುಳುಗಿ, ಕುರಿಗಳು ಹೊಳೆ ಕಡೆಯಿಂದ ಮರಳುವವರೆಗೂ ಅವಳು ಅಲ್ಲೇ, ನಮ್ಮ ಮನೆಯ ಕಡೆ ಮುಖಮಾಡಿ ಕೂತಿದ್ದಳು.