ಪಕ್ಕದ ಮೇಜಿನ ಲಾರ್ಡ್

ಜರ್ಮನಿಯ ಎರ್ಲಾಂಗೆನ್ನಿನ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ಇಂಗ್ಲೆಂಡಿನವನು. ನನಗಿಂತ ಚಿಕ್ಕವನು, ನನ್ನ ನಂತರ ಸೇರಿದವನು. ಅವನ ಸೈಕಲ್ಲು ನನ್ನದಕ್ಕಿಂತ ಹಳೆಯದು, ಅಂಗಿ ಇಸ್ತ್ರಿ ಕಂಡದ್ದಿಲ್ಲ. ಹಾಗಾಗಿ ಬಹಳ ಕಾಲ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು.

ಒಮ್ಮೆ ದೊಡ್ಡಪ್ಪನ ಅಂತ್ಯಕ್ರಿಯೆಗೆಂದು ಊರಿಗೆ ಹೋದವನು ವಾಪಸು ಬಂದು ಕಾಫಿ ಮಷೀನಿನ ಮುಂದೆ ನಿಂತು ಹೇಳಿದ: "ಒಂದು ವಿಚಿತ್ರ ಆಗಿದೆ. ನಾನೀಗ ಬ್ಯಾರನ್."

ಬ್ಯಾರನ್ ಅಂದರೆ ಲಾರ್ಡ್ ಎಂದು ಕರೆಸಿಕೊಳ್ಳುವ ಪದವಿ, ಅವರ ಮನೆತನದಲ್ಲಿ ತಲೆತಲಾಂತರದಿಂದ ಬಂದದ್ದಂತೆ. ಗಂಡುಮಕ್ಕಳಿಗೆ ಮಾತ್ರ. ದೊಡ್ಡಪ್ಪನಿಗೆ ಇದ್ದದ್ದು ಒಬ್ಬಳೇ ಮಗಳು. ಇವನ ಅಪ್ಪ ಮೊದಲೇ ತೀರಿಕೊಂಡಿದ್ದರು. ಹೀಗೆ ಪದವಿ ಇವನನ್ನು ಹುಡುಕಿಕೊಂಡು ಬಂದಿತ್ತು.

"ಮನೆ, ಜಮೀನು?" ಎಂದೆ.

"ಎಲ್ಲಾ ತಾತನ ಕಾಲಕ್ಕೇ ಹೋಯ್ತು. ಉಳಿದಿರೋದು ಹೆಸರೊಂದೇ."

ಹೆಸರೊಂದೇ! ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಈ ದೇಶಕ್ಕೆ ಬಂದಾಗಿನಿಂದ ಪ್ರತಿ ಆಫೀಸಿನಲ್ಲೂ, ಪ್ರತಿ ಡಾಕ್ಟರ ಬಳಿಯೂ ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದವನು ನಾನು. ಇವನು ಸುಮ್ಮನೆ ಹುಟ್ಟಿದ್ದಕ್ಕೇ ಲಾರ್ಡ್.

ಸುದ್ದಿ ಹಬ್ಬಿತು. "ಜರ್ಮನಿಯಲ್ಲಿ ಇದಕ್ಕೆಲ್ಲ ಬೆಲೆಯಿಲ್ಲ" ಎಂದ ನಮ್ಮ ಮ್ಯಾನೇಜರ್, ಮೀಟಿಂಗಿನಲ್ಲಿ ಅವನ ಜೋಕುಗಳಿಗೆ ಮೊದಲಿಗಿಂತ ಜೋರಾಗಿ ನಗತೊಡಗಿದ. ಕನ್ನಡದ ಗೆಳೆಯನೊಬ್ಬ ಫೋನ್ ಮಾಡಿ, "ಏನ್ ಗುರು, ಲಾರ್ಡ್ ಪಕ್ಕ ಕೂತ್ಕೊಂಡು ಕೋಡ್ ಬರೀತೀಯಂತೆ? ಒಂದ್ ಸೆಲ್ಫಿ ಕೊಡ್ಸೋ" ಎಂದ. ನನ್ನ ಹೆಂಡತಿಯೂ ಬಿಡಲಿಲ್ಲ, ಅವನನ್ನು ಊಟಕ್ಕೆ ಕರೆಸಿದಳು. ಅವನ ಆ ದೊಡ್ಡಪ್ಪನ ಮಗಳು ಅದೇ ವಾರ ಅವನನ್ನು ನೋಡಲು ಬಂದಿದ್ದರು. ಅವರನ್ನೂ ಕರೆತಂದ.

ಅವರು ಅರವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಊಟದ ನಡುವೆ ಲಾರ್ಡ್ ನನ್ನ ಮಗಳ ಚೆಸ್ ಬೋರ್ಡ್ ನೋಡಲು ಅವಳ ಕೋಣೆಗೆ ಹೋದ. ನಾನು ಕಾಯುತ್ತಿದ್ದದ್ದು ಅದಕ್ಕೇ.

"ಪದವಿ ಇವನಿಗೆ ಹೋದಾಗ ನಿಮಗೆ ಬೇಜಾರಾಗಲಿಲ್ವಾ?" ಎಂದು ಕೇಳಿದೆ.

ಅವರು ಚಮಚ ಕೆಳಗಿಟ್ಟರು. "ಅಪ್ಪ ಹಾಸಿಗೆ ಹಿಡಿದಾಗ ತುತ್ತು ತಿನ್ನಿಸಿದ್ದು ನಾನು. ಇವನು ಕ್ರಿಸ್‌ಮಸ್ಸಿಗೊಂದು ಕಾರ್ಡ್ ಕಳಿಸ್ತಿದ್ದ. ಬೇಜಾರಲ್ಲ, ಹೊಟ್ಟೆಕಿಚ್ಚು. ಇವನ ಮುಖ ನೋಡಿದಾಗೆಲ್ಲ ಉರಿಯುತ್ತೆ. ಹುಡುಗ ಒಳ್ಳೆಯವನು, ಅದೇ ಕಷ್ಟ."

ನನಗೆ ಜೊತೆ ಸಿಕ್ಕಂತಾಗಿ ಒಳಗೊಳಗೇ ಹಿಗ್ಗಿದೆ. "ಇದು ಶುದ್ಧ ಅನ್ಯಾಯ" ಎಂದೆ, ಸ್ವಲ್ಪ ಜೋರಾಗಿಯೇ.

ಸಾರು ಬಡಿಸುತ್ತಿದ್ದ ಹೆಂಡತಿ ಕನ್ನಡದಲ್ಲಿ ಕೇಳಿದಳು: "ನಿಮ್ಮೂರಲ್ಲಿ ಮೊದಲ ವೀಳ್ಯ ಯಾರಿಗ್ರೀ ಕೊಡೋದು? ನಿಮ್ಮಕ್ಕಂಗಾ?"

ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮದು ಪಟೇಲರ ಮನೆತನ. ಪಟೇಲಿಕೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಯುಗಾದಿ ಪೂಜೆಯಲ್ಲಿ ದೇವಸ್ಥಾನದ ಮೊದಲ ವೀಳ್ಯ ನಮ್ಮ ಮನೆಗೇ. ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ದೇವಸ್ಥಾನಕ್ಕೆ ಸುಣ್ಣ ಬಳಿಸುವುದರಿಂದ ಹಿಡಿದು ಪೂಜೆಗೆ ಹೂವು ತರಿಸುವವರೆಗೆ ಎಲ್ಲ ನೋಡಿಕೊಳ್ಳುವವಳು ಮೈಸೂರಿನಲ್ಲಿರುವ ಅಕ್ಕ. ಅವಳು ನಿಲ್ಲುವುದು ಹೆಂಗಸರ ಸಾಲಿನಲ್ಲಿ.

ಹೆಂಡತಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ನಗಲಿಲ್ಲ. "ನಿಮ್ಮ ಅಕ್ಕ ಏನಂತಾರೆ?" ಎಂದರು.

ನನಗೆ ಗೊತ್ತಿರಲಿಲ್ಲ. ಭಾನುವಾರ ಅಕ್ಕನಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ.

"ಉರೀದೆ ಇರುತ್ತೇನೋ?" ಎಂದಳು, ನಾನು ಕೇಳುವುದನ್ನೇ ಕಾಯುತ್ತಿದ್ದವಳಂತೆ. "ನೀನು ಫ್ಲೈಟ್ ಇಳಿದು ಬಂದು ಕೈ ಚಾಚ್ತೀಯ. ನಾನು ಹೂವಿನ ಬುಟ್ಟಿ ಹಿಡ್ಕೊಂಡು ನಿಂತಿರ್ತೀನಿ."

"ಈ ಸಲ ನಂಗೆ ರಜ ಇಲ್ಲಕ್ಕಾ. ನಿಂಗೇ ಕೊಡಿ ಅಂತ ಪೂಜಾರಿಗೆ ಹೇಳ್ತೀನಿ."

"ನೀನು ಕೊಟ್ಟಿದ್ದು ನಂಗ್ಯಾಕೋ? ತಾನಾಗೇ ಬರಬೇಕಿತ್ತು." ಆಮೇಲೆ, "ಹೇಳಿ ನೋಡು, ಬೇಡ ಅನ್ನಲ್ಲ" ಎಂದಳು.

ಹೇಳಿದೆ. ಪೂಜಾರಿ ಹೂಂ ಅಂದರು. ಆದರೆ ಊರ ಹಿರಿಯರು ಒಪ್ಪಲಿಲ್ಲವಂತೆ. ಯುಗಾದಿಯ ದಿನ ಆಫೀಸಿನಲ್ಲಿದ್ದಾಗ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬಂತು. ಚಿಕ್ಕಪ್ಪನ ಮಗ ಹೊಸ ಶಲ್ಯ ಹೊದ್ದು, ಎರಡೂ ಕೈಯಲ್ಲಿ ವೀಳ್ಯ ಹಿಡಿದು, ಹಲ್ಲು ಕಿಸಿದು ನಿಂತಿದ್ದ. ನನ್ನ ವೀಳ್ಯ! ಪಕ್ಕದ ಮೇಜಿನ ಲಾರ್ಡ್ ಆ ಹೊತ್ತಿಗೆ ನನಗೆ ಬರಿಯ ಇಂಗ್ಲೆಂಡಿನವನಾಗಿ ಕಂಡ.

ಫೋನ್ ಬಡಿದುಕೊಂಡಿತು. ಅಕ್ಕ.

"ನೋಡಿದ್ಯೇನೋ ಅವನ ಮುಖಾನ?"

"ನೋಡ್ದೆ. ಆ ಶಲ್ಯ ನೋಡಿದ್ಯಾ?"

"ಬಾಡಿಗೆ ತಂದಂಗಿದೆ ಕಣೋ!"

ಹೊರಗೆ ಸೈಕಲ್ ಸ್ಟ್ಯಾಂಡಿನ ಬಳಿ ಚಳಿಯಲ್ಲಿ ನಿಂತು ಅವಳೊಂದಿಗೆ ಆ ಚಿಕ್ಕಪ್ಪನ ಮಗನನ್ನು ಬೈಯುತ್ತಾ ಹೋದೆ. ಅಪ್ಪ ಹೋದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.