ತುಂಬಿದ ಪುಟದಲ್ಲಿ ನಾಲ್ಕನೆಯ ಸೀಟು

ಕಂಪ್ಯೂಟರಿನ ಹೊಟ್ಟೆಯೊಳಗೂ ಪುಟಗಳಿವೆಯೆಂಬುದು ಕಾಗದದ ಕಾಲದಲ್ಲಿ ನೌಕರಿಗೆ ಸೇರಿದ ನನಗೆ ಮೊದಲು ಸಮಾಧಾನವನ್ನೇ ತಂದಿತ್ತು; ಆ ಪುಟಗಳೆಲ್ಲ ಒಂದೇ ಅಳತೆಯವು, ಒಂದೇ ಸಾಲಿನ ಮಾಹಿತಿಗೂ ಇಡೀ ಪುಟವೇ ಮೀಸಲು ಎಂದು ತಿಳಿದಾಗ ಮಾತ್ರ, ಒಂದು ಹಪ್ಪಳ ಒಣಗಿಸಲು ಜಮಖಾನೆ ಹಾಸುವ ಈ ಧಾರಾಳತನ ಮುಂಬಯಿ ಪಕ್ಕದ ನಮ್ಮ ಇಕ್ಕಟ್ಟಿನ ಡೊಂಬಿವಲಿಯಲ್ಲಿ ಹುಟ್ಟಿದ್ದಲ್ಲವೆಂದು ಖಚಿತವಾಯಿತು. ನಿವೃತ್ತಿಯವರೆಗೆ ಇಂಥ ಪುಟಗಳ ಪಾಲನೆಯಲ್ಲೇ ಅನ್ನ ತಿಂದವನಾದ್ದರಿಂದ ಅವುಗಳ ಬಗ್ಗೆ ನಾನು ಗಂಭೀರವಾಗಿ ಮಾತಾಡುತ್ತೇನೆ. ಕೇಳುವವರು ಅಷ್ಟೇ ಗಂಭೀರವಾಗಿ ಎದ್ದು ಹೋಗುತ್ತಾರೆ.

ಎದ್ದು ಹೋಗಲಾರದ ಶ್ರೋತೃವೊಬ್ಬಳು ಈಚೆಗೆ ದೊರಕಿದಳು. ಪಕ್ಕದ ಮನೆಯ, ವಿಜಯಪುರ ಕಡೆಯ ಶಾಂತಾಬಾಯಿ ತಮ್ಮ ಮಗಳು ರೋಹಿಣಿಯನ್ನು ಕರೆತಂದು ಕೂರಿಸಿ, "ಕಾಕಾ, ನಾಳೆ ನೆರೂಳದಾಗ ಈಕಿದು ಇಂಟರ್‌ವ್ಯೂ ಅದ. ಹೋದಲ್ಲೆಲ್ಲಾ ನಿಮ್ಮ ಈ ಕಂಪ್ಯೂಟರ್ ಪೇಜಿನ ಪ್ರಶ್ನೆದಾಗಽ ಸಿಕ್ಕೊಂಡಾಳ. ಈ ಸರ್ತಿನೂ ನೌಕರಿ ಆಗ್ಲಿಲ್ಲಂದ್ರ ಮದಿವಿ ಮಾಡೇ ಬಿಡ್ತೀನಂತ ಅವರಪ್ಪ ವರ ನೋಡಿ ಕುಂತಾರ," ಎಂದರು.

ನಾನು ಗಂಟಲು ಸರಿಪಡಿಸಿಕೊಂಡೆ. ಕಡತವೆಂದರೆ ಲೋಕಲ್ ಗಾಡಿ, ಪುಟವೆಂದರೆ ಮೂವರ ಬೆಂಚು, ದಾಖಲೆಯೆಂದರೆ ಪ್ರಯಾಣಿಕ. ಬೆಂಚುಗಳೆಲ್ಲ ಒಂದೇ ಅಳತೆಯಾದ್ದರಿಂದಲೇ ಎಷ್ಟನೆಯದು ಎಲ್ಲಿದೆಯೆಂದು ಗುಣಿಸಿ ನೇರವಾಗಿ ತಲುಪಬಹುದು. ತುಂಬಿದ ಬೆಂಚಿಗೆ ಮತ್ತೊಬ್ಬ ಬಂದರೆ ಅರ್ಧ ಮಂದಿ ವಿನಯದಿಂದ ಎದ್ದು ಹೊಸ ಬೆಂಚಿಗೆ ಹೋಗುತ್ತಾರೆ, ಇದೇ ಪುಟವಿಭಜನೆ ಎಂದು ನಿರೂಪಿಸುವಷ್ಟರಲ್ಲಿ, ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರಿಸುವ ರೋಹಿಣಿ ನಕ್ಕುಬಿಟ್ಟಳು. "ಉಠೇಗಾ ಕೌನ್, ಅಂಕಲ್? ಥೋಡಾ ಸರಕೋ ಬೋಲೇಂಗೆ, ಚೌಥಾ ಬೈಠ್ ಜಾಯೇಗಾ!"

ಮೂವರು ಸರಿದು ಕೊಡುವ ನಾಲ್ಕನೆಯ ಸೀಟು ಗಣಕಶಾಸ್ತ್ರಸಮ್ಮತವಲ್ಲವೆಂದು ಎಷ್ಟು ವಿಸ್ತರಿಸಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. "ಬಸುರಿ ಬಂದು ನಿಂತ್ರೂ ಸರಿಯಾಂಗಿಲ್ಲೇನ್ರಿ ನಿಮ್ಮ ಕಂಪ್ಯೂಟರಿನ್ಯಾಗ?" ಎಂದು ಶಾಂತಾಬಾಯಿ ಕೇಳಿದಾಗ ಶಾಸ್ತ್ರವೇ ತಲೆತಗ್ಗಿಸಿತು.

ಮರುದಿನ ಸಂದರ್ಶಕರು, ತುಂಬಿದ ಪುಟಕ್ಕೆ ಹೊಸ ದಾಖಲೆ ಬಂದರೆ ಏನು ಮಾಡುತ್ತೀ ಎಂದೇ ಕೇಳಿದರಂತೆ. ರೋಹಿಣಿಗೆ ನನ್ನ ಪುಟವಿಭಜನೆ ನೆನಪಾಗಲಿಲ್ಲ. ಕಲ್ಯಾಣದ ಲೋಕಲ್ ಗಾಡಿಯಲ್ಲಿ ನಿಂತು ಬೆಳೆದ ನಾಲಿಗೆ ತಾನಾಗಿ, "ಪಹಲೇ ಸಬಸೇ ಪೂಛೂಂಗೀ, ಕಹಾಂ ಉತರನಾ ಹೈ," ಎಂದಿತು. ಕೂತವರು ಎಲ್ಲಿ ಇಳಿಯುತ್ತಾರೆಂದು ವಿಚಾರಿಸಿ ಸೀಟು ಗೊತ್ತುಮಾಡಿಕೊಳ್ಳುವುದು ನಮ್ಮೂರ ಸನಾತನ ಧರ್ಮ. ದಾಖಲೆಗಳಿಗೆ ಇಳಿಯುವ ಸ್ಟೇಷನ್ನಿಲ್ಲವೆಂದು ಅವಳಿಗೆ ಹೊಳೆಯುವ ಮೊದಲೇ ಸಂದರ್ಶಕರೊಬ್ಬರು ಮುಂದೆ ಬಾಗಿ, ಥಾಣೆಯಲ್ಲಿ ಇಳಿಯುವೆ ಎಂದವನು ಥಾಣೆ ಸ್ಟೇಷನ್ ಬಂದರೂ ಏಳದಿದ್ದರೆ ಎಂದು ಕಳವಳದಿಂದ ಕೇಳಿದರಂತೆ.

"ಪೂರಾ ಡಬ್ಬಾ ಉತಾರೇಗಾ, ಸರ್."

ಇಡೀ ಡಬ್ಬಿಯೇ ಸೇರಿ ಇಳಿಸುತ್ತದೆಂಬ ಆ ಭರವಸೆಗೇ ನೌಕರಿ ಸಿಕ್ಕಿತು. ಪುಟಗಳ ಹತ್ತಿರ ಮಾತ್ರ ಬಿಡದೆ, ಸಿಟ್ಟಿಗೆದ್ದ ಗ್ರಾಹಕರ ಫೋನು ಎತ್ತುವ ವಿಭಾಗಕ್ಕೆ ಹಾಕಿದರು. ಶಾಂತಾಬಾಯಿ ತಂದ ಪೇಡೆಯನ್ನು ನಾನು ಗುರುದಕ್ಷಿಣೆಯೆಂದೇ ಗಂಭೀರವಾಗಿ ಸ್ವೀಕರಿಸಿದೆ. ಅಷ್ಟರಲ್ಲಿ ಶಾಂತಾಬಾಯಿಯ ಮೊಬೈಲಿಗೆ ವರನ ಕಡೆಯವರ ಫೋನು ಬಂತು. ಜೊತೆಗೆ ಬಂದಿದ್ದ ರೋಹಿಣಿಯೇ ಎತ್ತಿಕೊಂಡು, ಹೊಸ ಹುದ್ದೆಗೆ ತಕ್ಕ ಸೌಜನ್ಯದಿಂದ, ನಾನು ಕೇಳಿದಂತೆ ಮೊದಲ ಸಲ ಕನ್ನಡದಲ್ಲಿ ಹೇಳಿದಳು:

"ಸದ್ಯಕ್ಕ ಜಾಗಾ ಇಲ್ರಿ. ಹಿಂದಿನ ಗಾಡಿಗೆ ಬರ್ರಿ."